ಸೂಜಿಯ ಕೆಲಸ ಕಾಲು ತಾಸು, ಕಾವಲು ಹೆರಿಗೆ ಮುಗಿಯುವ ತನಕ

ಪ್ರಶ್ನೆ: ನನಗ ಈಗ ಎಂಟು ತಿಂಗಳು, ಚೊಚ್ಚಲ ಹೆರಿಗೆ. ಗಂಡನ ಮನಿ ವಿಜಯಪುರ. ಕುಬಸ ಮುಗಿಸಿಕೊಂಡು ತವರಿಗೆ, ಜಮಖಂಡಿಗೆ ಬಂದೇನಿ. ಬ್ಯಾನಿ ತಡಕೊಳ್ಳಾಕ ಆಕ್ಕೈತೋ ಇಲ್ಲೋ ಅಂತ ಹೆದರಿಕಿ ಐತಿ. ಬೆನ್ನಿಗೆ ಸೂಜಿ ಹಾಕಿ ನೋವು ಕಡಿಮಿ ಮಾಡ್ತಾರ ಅಂತ ಗೆಳತಿ ಹೇಳ್ಯಾಳ. ಆದ್ರ ಅತ್ತಿಯವರು ‘ಬೆನ್ನಿಗೆ ಸೂಜಿ ಹಾಕಿಸ್ಕೊಂಡ್ರ ಸಾಯೂತನಕ ನಡ ಹಿಡಿತೈತಿ’ ಅಂತಾರ. ನಮ್ಮ ಅಕ್ಕಗ ಸಿಜೇರಿಯನ್ ಮಾಡುವಾಗ ಆ ಸೂಜಿ ಹಾಕಿದ್ರು, ಎರಡು ವರ್ಷ ಆದ್ರೂ ನಡನೋವು ಹೋಗಿಲ್ಲ. ಇಲ್ಲಿ ತೋರಿಸೋ ನರ್ಸಿಂಗ್ ಹೋಮಿನ್ಯಾಗ ‘ಅದನ್ನ ನಾವು ಮಾಡಂಗಿಲ್ಲ’ ಅಂದ್ರು. ಹಾಕಿಸ್ಕೋಬೇಕೋ ಬ್ಯಾಡೋ?
ಒಬ್ಬ ಓದುಗರು, ಜಮಖಂಡಿ

ಉತ್ತರ: ಹಾಕಿಸಿಕೊಳ್ಳಬಹುದು. ನಡನೋವಿನ ಹೆದರಿಕೆಗೆ ಬಿಡಬೇಕಾಗಿಲ್ಲ. ಆದರೆ ಯಾವ ದವಾಖಾನೆಯಲ್ಲಿ ಎಂಬುದು ಹಾಕಿಸಿಕೊಳ್ಳುವಷ್ಟೇ ದೊಡ್ಡ ಪ್ರಶ್ನೆ. ಅದು ತಿಳಿಯಬೇಕಾದರೆ ಈ ಸೂಜಿ ಒಳಗೆ ಏನು ಮಾಡುತ್ತದೆ ಎಂಬುದು ಮೊದಲು ಗೊತ್ತಾಗಬೇಕು.

ನಿಮ್ಮ ಅಕ್ಕನಿಗೆ ಕೊಟ್ಟಿದ್ದು ಬಹುಮಟ್ಟಿಗೆ ಸ್ಪೈನಲ್, ನೀವು ಕೇಳುತ್ತಿರುವುದು ಎಪಿಡ್ಯೂರಲ್. ಎರಡೂ ಬೆನ್ನಿನ ಕೆಳಭಾಗಕ್ಕೇ ಬೀಳುವುದರಿಂದ ಊರಲ್ಲಿ ಎರಡಕ್ಕೂ ‘ಬೆನ್ನಿನ ಸೂಜಿ’ ಎಂದೇ ಹೆಸರು. ಬೆನ್ನುಹುರಿಯ ಸುತ್ತ ನೀರು ತುಂಬಿದ ಒಂದು ಚೀಲವಿದೆ, ಅದರ ಹೊರಪೊರೆಯೇ ಡ್ಯೂರಾ. ಸ್ಪೈನಲ್‌ನಲ್ಲಿ 25ರಿಂದ 27 ಗೇಜಿನ (ಗೇಜಿನ ಅಂಕಿ ಹೆಚ್ಚಿದಷ್ಟೂ ಸೂಜಿ ತೆಳು) ತೀರ ತೆಳುವಾದ ಸೂಜಿ ಆ ಪೊರೆಯನ್ನು ದಾಟಿ, 2 ಮಿ.ಲೀ. ಆಸುಪಾಸಿನ ಔಷಧವನ್ನು ನೀರಿನೊಳಗೆ ಬಿಟ್ಟು ಹೊರಬರುತ್ತದೆ. ಐದಾರು ನಿಮಿಷದಲ್ಲಿ ನಡದ ಕೆಳಗೆಲ್ಲ ಜೋಮು, ಕಾಲು ಎತ್ತಲು ಬರುವುದಿಲ್ಲ. ಎರಡು ತಾಸಿನ ಆಸುಪಾಸಿನಲ್ಲಿ ಇಳಿಯತೊಡಗುತ್ತದೆ. ಹೊಟ್ಟೆ ಕೊಯ್ಯಲು ಬೇಕಾಗಿದ್ದು ಅಷ್ಟೇ. ಹೆರಿಗೆ ನೋವು ಹತ್ತು ಹನ್ನೆರಡು ತಾಸು ನಡೆಯುವಂಥದ್ದು, ಅಲ್ಲಿ ತಾಯಿ ಕಾಲು ಆಡಿಸಬೇಕು, ಕೊನೆಗೆ ಮುಕ್ಕಬೇಕು. ಅದಕ್ಕಾಗಿ ಎಪಿಡ್ಯೂರಲ್‌ನಲ್ಲಿ ಸೂಜಿಯನ್ನು ಪೊರೆಯ ಹೊರಗೇ ನಿಲ್ಲಿಸಿ, ಒಂದು ಮಿ.ಮೀ.ಗಿಂತ ತೆಳುವಾದ ಪ್ಲಾಸ್ಟಿಕ್ ನಳಿಕೆಯನ್ನು ಅಲ್ಲಿ ಬಿಟ್ಟು, ಸೂಜಿಯನ್ನು ತೆಗೆದುಬಿಡುತ್ತಾರೆ. ಬೆನ್ನಿನಲ್ಲಿ ಉಳಿಯುವುದು ಮೆತ್ತನೆಯ ನಳಿಕೆ. ಸೂಜಿ ಒಳಗೇ ಇರುತ್ತದೆ ಎಂದು ಅನೇಕರು ತಿಳಿದು ರಾತ್ರಿಯಿಡೀ ಮಿಸುಕಾಡದೆ ಮಲಗುತ್ತಾರೆ, ಅದರ ಅಗತ್ಯವಿಲ್ಲ.

ಈಗ ಅತ್ತೆಯವರ ಮಾತು. ಎಪಿಡ್ಯೂರಲ್ ಪಡೆದ ಮತ್ತು ಪಡೆಯದ ಬಾಣಂತಿಯರನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ಹೋಲಿಸಿದ ಅಧ್ಯಯನಗಳಲ್ಲಿ ದೀರ್ಘಕಾಲದ ನಡನೋವು ಎರಡೂ ಗುಂಪಿನಲ್ಲಿ ಒಂದೇ ತೆರನಾಗಿತ್ತು. ಸೂಜಿ ಹೊಕ್ಕ ಜಾಗ ಕೆಲವು ದಿನ ಒತ್ತಿದರೆ ನೋಯುತ್ತದೆ, ಅದು ನಿಜ. ವರ್ಷಗಟ್ಟಲೆ ಉಳಿಯುವ ನೋವಿಗೆ ಕಾರಣ ಬೇರೆ: ಬಸಿರಿನಲ್ಲಿ ಸಡಿಲಾದ ಕೀಲು ಮತ್ತು ಸ್ನಾಯುಗಳು, ಜೋತುಬಿದ್ದ ಹೊಟ್ಟೆಯ ಭಾರ, ಬಗ್ಗಿ ಕುಳಿತು ಹಾಲುಣಿಸುವುದು, ನಡುಬಗ್ಗಿಸಿ ಕೂಸು ಎತ್ತುವುದು. ಸೂಜಿಯನ್ನೇ ಕಾಣದೆ ಮನೆಯಲ್ಲಿ ಹೆತ್ತ ಹಿರಿಯರಿಗೂ ನಡನೋವು ಇತ್ತಲ್ಲ. ಅತ್ತೆಯವರನ್ನು ಕೇಳಿ ನೋಡಿ, ಅವರೇ ಹೇಳಿಯಾರು.

ಹಾಕುವ ರೀತಿ ಹೀಗೆ. ಮೊದಲು ಕೈಗೆ ದಪ್ಪ ಸೂಜಿ (18 ಗೇಜ್) ಹಾಕಿ ಸಲಾಯಿನ್ ಶುರುಮಾಡುತ್ತಾರೆ. ನೀವು ಮಂಚದ ಅಂಚಿಗೆ ಕಾಲು ಇಳಿಬಿಟ್ಟು, ದಿಂಬು ಅಪ್ಪಿಕೊಂಡು, ಗದ್ದ ಎದೆಗೆ ತಾಗಿಸಿ ಬೆನ್ನನ್ನು ಹೊರಕ್ಕೆ ಉಬ್ಬಿಸಿ ಕೂರುತ್ತೀರಿ. ನೆಟ್ಟಗೆ ಕೂತರೆ ಬೆನ್ನಿನ ಮಣಿಗಳ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ, ಉಬ್ಬಿಸಿದರೆ ತೆರೆಯುತ್ತದೆ. ಇಲ್ಲಿ ನೀವು ಮಾಡಿಕೊಡುವ ಅರ್ಧ ಇಂಚಿನ ಜಾಗವೇ ಒಂದೇ ಸಲಕ್ಕೆ ಆಗುತ್ತದೋ ಮೂರು ಸಲ ಚುಚ್ಚಬೇಕೋ ಎಂಬುದನ್ನು ನಿರ್ಧರಿಸುತ್ತದೆ. ತಣ್ಣನೆಯ ಔಷಧದಿಂದ ಬೆನ್ನು ಒರೆಸಿ, ಅದು ಒಣಗುವವರೆಗೆ ಕಾಯುತ್ತಾರೆ. ಚರ್ಮಕ್ಕೆ ಜೋಮು ಹಿಡಿಸುವ ಲಿಗ್ನೊಕೇನ್ 2–3 ಮಿ.ಲೀ. ಕೊಟ್ಟಾಗ ಇರುವೆ ಕಚ್ಚಿದಂತೆ ಉರಿಯುತ್ತದೆ. ಮುಂದಿನದರಲ್ಲಿ ಒತ್ತುವುದಷ್ಟೇ ಗೊತ್ತಾಗುತ್ತದೆ.

ಬೆನ್ನುಹುರಿ ದೊಡ್ಡವರಲ್ಲಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಮಟ್ಟಕ್ಕೇ ಮುಗಿದಿರುತ್ತದೆ. ಸೂಜಿ ಹೋಗುವುದು ಅದರ ಕೆಳಗೆ, ಮೂರು–ನಾಲ್ಕು ಅಥವಾ ನಾಲ್ಕು–ಐದನೆಯ ಮಣಿಗಳ ನಡುವೆ. ಟ್ಯೂಯಿ ಎಂಬ ಈ ಸೂಜಿಯ ತುದಿ ಸ್ವಲ್ಪ ಬಾಗಿರುತ್ತದೆ. ಅದಕ್ಕೆ ಸಲಾಯಿನ್ ತುಂಬಿದ ಸಿರಿಂಜು ಜೋಡಿಸಿ, ಹೆಬ್ಬೆರಳಿನಿಂದ ಸಣ್ಣಗೆ ಒತ್ತುತ್ತ ಮಿಲಿಮೀಟರ್ ಲೆಕ್ಕದಲ್ಲಿ ಮುಂದೆ ಸರಿಸುತ್ತಾರೆ. ಮಣಿಗಳನ್ನು ಬೆಸೆಯುವ ಗಟ್ಟಿ ಹಳದಿ ಪಟ್ಟಿಯೊಳಗೆ ಇರುವ ತನಕ ಸಿರಿಂಜಿನ ಹಿಡಿ ಕದಲುವುದಿಲ್ಲ. ಅದನ್ನು ದಾಟಿದ ಗಳಿಗೆಗೆ ತಟ್ಟನೆ ಸಡಿಲಾಗಿ ನೀರು ತಾನಾಗಿ ಒಳಸರಿಯುತ್ತದೆ. ಚರ್ಮದಿಂದ ಸಾಮಾನ್ಯವಾಗಿ 4ರಿಂದ 6 ಸೆ.ಮೀ. ಆಳದಲ್ಲಿ ಇದು ಆಗುತ್ತದೆ. ಸ್ಪೇನಿನ ಸೇನಾ ವೈದ್ಯ ಫಿಡೆಲ್ ಪಹೇಸ್ 1921ರಲ್ಲಿ ಸೊಂಟದ ಎಪಿಡ್ಯೂರಲ್ ಬಗ್ಗೆ ಬರೆದ ಮೇಲೆ ನೂರು ವರ್ಷ ಕಳೆದಿವೆ, ಇವತ್ತಿಗೂ ಜಾಗ ಗುರುತಿಸುವುದು ಹೆಚ್ಚಾಗಿ ಬೆರಳಿಗೆ ಸಿಗುವ ಆ ಸಡಿಲಿಕೆಯಿಂದಲೇ. ಆ ಗಳಿಗೆಯಲ್ಲಿ ಬ್ಯಾನಿ ಬಂದರೆ ‘ಬಂತು’ ಎಂದು ಬಾಯಿಬಿಟ್ಟು ಹೇಳಿ, ಅವರು ಕೈ ನಿಲ್ಲಿಸುತ್ತಾರೆ. ಹೇಳದೆ ಹಿಂದಕ್ಕೆ ಜರುಗುವುದೇ ಅಪಾಯ. ನಳಿಕೆ ಒಳಹೋಗುವಾಗ ಒಂದು ಕಾಲಿಗೆ ಕರೆಂಟು ಹೊಡೆದಂತೆ ಜುಮ್ಮೆಂದರೆ ಯಾವ ಕಾಲು ಎಂದು ಹೇಳಿ. ಕ್ಷಣದಲ್ಲಿ ಹೋದರೆ ಚಿಂತೆಯಿಲ್ಲ, ಉಳಿದರೆ ಹಿಂದೆಗೆದು ಮತ್ತೆ ಹಾಕಬೇಕು. ಒಳಗೆ 3–5 ಸೆ.ಮೀ. ನಳಿಕೆ ಬಿಟ್ಟು, ಉಳಿದದ್ದನ್ನು ಬೆನ್ನುದ್ದ ಹೆಗಲವರೆಗೆ ಟೇಪು ಹಚ್ಚುತ್ತಾರೆ.

ಆಮೇಲೆ ಬರುವುದು ಪರೀಕ್ಷಾ ಡೋಸು. ಅಡ್ರಿನಲಿನ್ ಬೆರೆತ 1.5 ಶೇಕಡಾ ಲಿಗ್ನೊಕೇನ್, 3 ಮಿ.ಲೀ. ನಳಿಕೆ ತಪ್ಪಿ ರಕ್ತನಾಳ ಹೊಕ್ಕಿದ್ದರೆ ಒಂದು ನಿಮಿಷದೊಳಗೆ ಎದೆಬಡಿತ ಏರುತ್ತದೆ. ತಪ್ಪಿ ನೀರಿನ ಚೀಲ ಹೊಕ್ಕಿದ್ದರೆ ಐದು ನಿಮಿಷದೊಳಗೆ ಕಾಲು ಭಾರವಾಗುತ್ತದೆ. ಎರಡೂ ಆಗದಿದ್ದರೆ ಮಾತ್ರ ಮುಂದಿನ ಔಷಧ. ಇದನ್ನು ಬಿಟ್ಟು ಒಮ್ಮೆಲೇ ದೊಡ್ಡ ಡೋಸು ಕೊಡುವುದು ತಪ್ಪು ಪದ್ಧತಿ.

ನೋವು ಕಳೆಯುವ ಔಷಧ ಬಹಳ ನೀರಾದದ್ದು. ಜೋಮು ಹಿಡಿಸುವ 0.5 ಶೇಕಡಾ ಬ್ಯುಪಿವಕೇನ್ 10 ಮಿ.ಲೀ., ಬಲವಾದ ನೋವುನಿವಾರಕ ಫೆಂಟನಿಲ್ 2 ಮಿ.ಲೀ. (100 ಮೈಕ್ರೊಗ್ರಾಂ), ಸಲಾಯಿನ್ 38 ಮಿ.ಲೀ. ಸೇರಿಸಿದರೆ 50 ಮಿ.ಲೀ. ಸಿರಿಂಜು ತುಂಬುತ್ತದೆ. ಅದರಲ್ಲಿ ಬ್ಯುಪಿವಕೇನ್ 0.1 ಶೇಕಡಾ, ಅಂದರೆ ಮೂಲದ ಐದನೇ ಒಂದು ಭಾಗ. ಮೊದಲಿಗೆ 10–15 ಮಿ.ಲೀ. ಬಿಡಿಬಿಡಿಯಾಗಿ ಕೊಟ್ಟು, ಪಂಪಿನಲ್ಲಿ ತಾಸಿಗೆ 8–10 ಮಿ.ಲೀ. ಹರಿಬಿಡುತ್ತಾರೆ, ಇಲ್ಲವೇ ಪಂಪೇ ಆಗಾಗ ಸಣ್ಣ ಡೋಸು ತಳ್ಳುತ್ತದೆ. 15–20 ನಿಮಿಷದಲ್ಲಿ ಬ್ಯಾನಿಯ ಮೊನೆ ಮುರಿಯುತ್ತದೆ. ಹೊಟ್ಟೆ ಗಟ್ಟಿಯಾಗುವುದು ಗೊತ್ತಾಗುತ್ತದೆ, ಹಿಂಡುವುದು ಗೊತ್ತಾಗುವುದಿಲ್ಲ. ಕಾಲು ಆಡುತ್ತಿರಬೇಕು. ಕಾಲು ಪೂರ್ತಿ ಕಲ್ಲಾದರೆ ಔಷಧ ಹೆಚ್ಚಾಗಿದೆ ಎಂದೇ ಅರ್ಥ, ‘ಚೆನ್ನಾಗಿ ಹತ್ತಿದೆ’ ಎಂದಲ್ಲ.

ಕೊನೆಯ ಹಂತದಲ್ಲಿ ‘ಸೂಜಿ ಕೆಲಸ ಬಿಟ್ಟಿತು’ ಎಂದು ಗಾಬರಿಯಾಗುವವರು ಬಹಳ. ಗರ್ಭಕೋಶ ಹಿಂಡುವ ನೋವು ಹೊಕ್ಕುಳ ಮಟ್ಟದ ನರಗಳಿಂದ ಬರುತ್ತದೆ, ಕೂಸಿನ ತಲೆ ಕೆಳಗಿಳಿದಾಗಿನ ನೋವು ಬೆನ್ನಿನ ತೀರ ಕೆಳಗಿನ, ತ್ರಿಕದ ನರಗಳಿಂದ. ಮೊದಲಿನವು ತಣ್ಣಗಾಗಿದ್ದರೂ ಎರಡನೆಯವು ಔಷಧಕ್ಕೆ ತಡವಾಗಿ ಸಿಗುತ್ತವೆ. ಗುದದ್ವಾರದ ಕಡೆ ಒತ್ತಿದಂತೆ ಅನಿಸಿದರೆ ಹೇಳಿ. ಮುಕ್ಕಲು ಆ ಒತ್ತಡ ಸ್ವಲ್ಪ ಬೇಕು, ಸಹಿಸಲಾಗದಿದ್ದರೆ ಡೋಸು ಹೆಚ್ಚಿಸಬಹುದು. ಮುಕ್ಕುವ ಹೊತ್ತಿಗೆ ಪಂಪು ಪೂರ್ತಿ ನಿಲ್ಲಿಸುವ ರೂಢಿ ಕೆಲವು ಕಡೆ ಇದೆ. ಅದರಿಂದ ನೋವು ಮರಳುವುದು ಖಚಿತ, ಲಾಭ ಖಚಿತವಲ್ಲ.

‘ಎಪಿಡ್ಯೂರಲ್ ಹಾಕಿದರೆ ಸಿಜೇರಿಯನ್ ಆಗುತ್ತದೆ’ ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದೀತು. ಕಡಿಮೆ ಪ್ರಮಾಣದ ಔಷಧದಿಂದ ಸಿಜೇರಿಯನ್ ಹೆಚ್ಚುವುದಿಲ್ಲ, ಸಾವಿರಾರು ತಾಯಂದಿರ ಮೇಲಿನ ಪರೀಕ್ಷೆಗಳಲ್ಲಿ ಇದು ಸ್ಪಷ್ಟವಾಗಿದೆ. ಹೆರಿಗೆ ನಿಧಾನವಾಗಿ, ತ್ರಾಸಿನಿಂದ ಸಾಗುವವರೇ ಹೆಚ್ಚಾಗಿ ಸೂಜಿ ಕೇಳುತ್ತಾರೆ, ಅವರಲ್ಲಿ ಸಿಜೇರಿಯನ್ನೂ ಹೆಚ್ಚು. ಹಾಗಾಗಿ ನೋಡುವವರಿಗೆ ಕಾರಣ ಸೂಜಿಯೇ ಎಂದು ಕಾಣುತ್ತದೆ. ಮುಕ್ಕುವ ಹಂತ ಸ್ವಲ್ಪ ಉದ್ದವಾಗುತ್ತದೆ ಎಂಬುದು ಮಾತ್ರ ನಿಜ. ಕೂಸಿನ ಎದೆಬಡಿತ ಸರಿಯಿದ್ದು ತಲೆ ಇಳಿಯುತ್ತಿದ್ದರೆ ಅವಸರ ಮಾಡಬಾರದು. ಸಿಜೇರಿಯನ್ ಬೇಕೇ ಆದರೆ ಅದೇ ನಳಿಕೆಯಲ್ಲಿ ಗಟ್ಟಿ ಔಷಧ 15–20 ಮಿ.ಲೀ. ಕೊಟ್ಟು 10–15 ನಿಮಿಷದಲ್ಲಿ ಶಸ್ತ್ರಕ್ರಿಯೆಗೆ ಸಿದ್ಧ ಮಾಡಬಹುದು, ಮತ್ತೊಂದು ಸೂಜಿ ತಪ್ಪುತ್ತದೆ. ಗರ್ಭಕೋಶದ ಬಾಯಿ ನಾಲ್ಕು ಸೆ.ಮೀ. ತೆರೆಯುವ ತನಕ ಕೊಡುವುದಿಲ್ಲ ಎಂಬ ಹಳೆಯ ನಿಯಮಕ್ಕೂ ಆಧಾರವಿಲ್ಲ. ಹೆರಿಗೆ ನೋವು ನಿಜವಾಗಿ ಶುರುವಾಗಿದ್ದು ತಾಯಿ ಕೇಳಿದರೆ ಸಾಕು.

ಏನೇನು ತಪ್ಪಬಹುದು? ಬೇಗ ಕಾಣುವುದು ಬಿಪಿ ಇಳಿಯುವುದು, ಸುಮಾರು 50ರಲ್ಲಿ ಒಬ್ಬರಿಗೆ ಗಮನಕ್ಕೆ ಬರುವಷ್ಟು. ಔಷಧ ನೋವಿನ ನರಗಳ ಜೊತೆಗೆ ರಕ್ತನಾಳ ಬಿಗಿಹಿಡಿಯುವ ನರಗಳನ್ನೂ ಸಡಿಲಿಸುತ್ತದೆ, ರಕ್ತ ಕಾಲಿನ ಕಡೆ ನಿಲ್ಲುತ್ತದೆ. ತಲೆ ತಿರುಗಿ, ಹೊಟ್ಟೆ ತೊಳಸಿ, ಕೂಸಿನ ಬಡಿತ ಇಳಿಯಬಹುದು. ತಾಯಿಯನ್ನು ಎಡಕ್ಕೆ ಹೊರಳಿಸಿ, ಸಲಾಯಿನ್ ಓಡಿಸಿ, ಬಿಪಿ ಏರಿಸುವ ಮೆಫೆಂಟರ್ಮಿನ್ ಅಥವಾ ಫಿನೈಲೆಫ್ರಿನ್ ಸಣ್ಣ ಡೋಸು ಕೊಟ್ಟರೆ ಎರಡು ಮೂರು ನಿಮಿಷದಲ್ಲಿ ಸರಿಹೋಗುತ್ತದೆ. ಯಾರಾದರೂ ನೋಡುತ್ತಿದ್ದರೆ. ಅದಕ್ಕೇ ಮೊದಲ ಡೋಸಿನ ಮೇಲೂ ನಂತರದ ಪ್ರತಿ ದೊಡ್ಡ ಡೋಸಿನ ಮೇಲೂ 20 ನಿಮಿಷ, ಐದೈದು ನಿಮಿಷಕ್ಕೊಮ್ಮೆ ಬಿಪಿ ನೋಡಲೇಬೇಕು. ತಾಸಿಗೊಮ್ಮೆ ಐಸು ಮುಟ್ಟಿಸಿ ಜೋಮು ಎಲ್ಲಿಯವರೆಗೆ ಏರಿದೆ, ಕಾಲು ಎತ್ತಲು ಬರುತ್ತದೆಯೇ ಎಂದೂ ನೋಡಬೇಕು. ಮೂತ್ರ ಬಂದದ್ದು ತಿಳಿಯುವುದಿಲ್ಲ, ಹಾಗಾಗಿ ನಾಲ್ಕು ತಾಸಿಗೊಮ್ಮೆ ಖಾಲಿ ಮಾಡಿಸಬೇಕು.

ಎಂಟರಲ್ಲಿ ಒಬ್ಬರಿಗೆ ನೋವು ಸಾಲುವಷ್ಟು ಇಳಿಯುವುದಿಲ್ಲ, ಅಥವಾ ಒಂದೇ ಬದಿಗೆ ಹತ್ತುತ್ತದೆ. ನಳಿಕೆಯ ತುದಿ ಪಕ್ಕಕ್ಕೆ ಹೊರಳಿರುತ್ತದೆ. ಒಂದು ಸೆ.ಮೀ. ಹಿಂದೆಗೆದು, ನೋಯುವ ಬದಿ ಕೆಳಗೆ ಮಾಡಿ ಮಲಗಿಸಿ, ಮತ್ತೊಂದು ಡೋಸು ಕೊಡುತ್ತಾರೆ. ಅರ್ಧ ತಾಸಿನಲ್ಲಿ ಆಗದಿದ್ದರೆ ತೆಗೆದು ಹೊಸದಾಗಿ ಹಾಕುವುದೇ ಸರಿ. ಮುಜುಗರಪಟ್ಟು ಸುಮ್ಮನಿರಬೇಡಿ. ಫೆಂಟನಿಲ್‌ನಿಂದ ಮೈ ತುರಿಸುವುದು, ಎಪಿಡ್ಯೂರಲ್ ಹಾಕಿದಾಗ ನಡುಗುವುದು ಇದ್ದದ್ದೇ, ತಾನಾಗಿ ಹೋಗುತ್ತವೆ. ಕಿವಿ ಗುಂಯ್‌ಗುಡುವುದು, ನಾಲಿಗೆ ಜೋಮು, ಬಾಯಲ್ಲಿ ಲೋಹದ ರುಚಿ ಇವು ಔಷಧ ರಕ್ತಕ್ಕೆ ಸೇರಿದ ಸೂಚನೆ. ತಕ್ಷಣ ಹೇಳಬೇಕು. ಕೈ ಬೆರಳು ಸೋಲುವುದು, ಉಸಿರು ಸಾಲದಂತಾಗುವುದು ಜೋಮು ಮೇಲಕ್ಕೇರಿದ ಸೂಚನೆ, ಅದೂ ತಕ್ಷಣ. ಕೆಲವು ತಿಂಗಳಲ್ಲಿ ಸರಿಹೋಗುವ ನರದ ತೊಂದರೆ ಸಾವಿರಕ್ಕೊಬ್ಬರಿಗೆ, ಆರು ತಿಂಗಳು ಮೀರಿ ಉಳಿಯುವುದು ಸುಮಾರು 13,000ಕ್ಕೊಬ್ಬರಿಗೆ. ‘ಪಾರ್ಶ್ವವಾಯು ಹೊಡೆಯುತ್ತದೆ’ ಎಂಬ ಹೆದರಿಕೆಗೆ ಹೇಳುವುದಾದರೆ, ಅದು ಎರಡೂವರೆ ಲಕ್ಷಕ್ಕೊಂದು ಎಂದು ಬ್ರಿಟನ್ನಿನ ಅರಿವಳಿಕೆ ತಜ್ಞರು ತಾಯಂದಿರಿಗೆ ಕೊಡುವ ಅಂದಾಜು.

ಈಗ ಜಮಖಂಡಿಯ ಮಾತು. ‘ನಾವು ಮಾಡಂಗಿಲ್ಲ’ ಎಂದ ನಿಮ್ಮ ನರ್ಸಿಂಗ್ ಹೋಮು ಪ್ರಾಮಾಣಿಕವಾಗಿ ಉತ್ತರಿಸಿದೆ. ತಾಲ್ಲೂಕು ಊರುಗಳಲ್ಲಿ ಒಬ್ಬಿಬ್ಬರು ಅರಿವಳಿಕೆ ತಜ್ಞರು ನಾಲ್ಕಾರು ನರ್ಸಿಂಗ್ ಹೋಮು ಸುತ್ತುತ್ತಾರೆ. ಸಿಜೇರಿಯನ್ನಿಗೆ ಬಂದು ಒಂದು ತಾಸಿನಲ್ಲಿ ಮುಗಿಸಿ ಹೋಗಬಹುದು, ಎಪಿಡ್ಯೂರಲ್‌ಗೆ ರಾತ್ರಿಯಿಡೀ ಇರಬೇಕಾಗುತ್ತದೆ. ಫೆಂಟನಿಲ್ ಮಾದಕ ವಸ್ತುಗಳ ಕಾಯ್ದೆಗೆ ಒಳಪಟ್ಟ ಔಷಧ, ಎಲ್ಲ ಕಡೆ ಇಡಲಾಗುವುದಿಲ್ಲ. ನಳಿಕೆ ಹಾಕಿ, ಔಷಧ ಬಿಟ್ಟು, ವೈದ್ಯರು ಮನೆಗೆ ಹೋಗುವ ಕಡೆ ಎಪಿಡ್ಯೂರಲ್ ಬೇಡವೇ ಬೇಡ. ಅಲ್ಲಿ ನೋವು ತಿಂದು ಹೆರುವುದೇ ಹೆಚ್ಚು ಸುರಕ್ಷಿತ.

ನಿಮ್ಮ ಗಂಡನ ಮನೆ ವಿಜಯಪುರದಲ್ಲೇ ಇರುವುದು ಅನುಕೂಲ. ಹೆರಿಗೆ ಅಲ್ಲಿ, ಬಾಣಂತನ ತವರಲ್ಲಿ ಎಂದು ಮಾಡಿಕೊಳ್ಳಬಹುದು, ಅವ್ವ ಒಂದು ವಾರ ಮೊದಲೇ ಬಂದಿರಲಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ವಿಭಾಗವೇ ಇರುತ್ತದೆ: ವಿಜಯಪುರದಲ್ಲಿ ಬಿಎಲ್‌ಡಿಇ ಬಿ.ಎಂ. ಪಾಟೀಲ ಕಾಲೇಜಿನದು, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ, ಬೆಳಗಾವಿಯಲ್ಲಿ ಕೆಎಲ್‌ಇ ಮತ್ತು ಸರ್ಕಾರಿ ಬಿಮ್ಸ್. ಆದರೂ ಯಾವ ಆಸ್ಪತ್ರೆಯಾದರೂ ನೇರವಾಗಿ ಕೇಳಿ: ರಾತ್ರಿ ಎರಡಕ್ಕೆ ಅರಿವಳಿಕೆ ವೈದ್ಯರು ಕಟ್ಟಡದೊಳಗೆ ಇರುತ್ತಾರೋ, ಫೋನ್ ಮಾಡಿದರೆ ಬರುತ್ತಾರೋ? ಹೆರಿಗೆಗೆ ತಿಂಗಳಿಗೆ ಎಷ್ಟು ಎಪಿಡ್ಯೂರಲ್ ಹಾಕುತ್ತೀರಿ? ಪಂಪು ಇದೆಯೋ, ಕೈಯಿಂದ ಡೋಸು ಕೊಡುವುದೋ, ಕೊಟ್ಟ ಮೇಲೆ ಯಾರು ಕೂತು ಬಿಪಿ ನೋಡುತ್ತಾರೆ? ಕೂಸಿನ ಬಡಿತ ಬಿಡದೆ ತೋರಿಸುವ ಯಂತ್ರ ಹೆರಿಗೆ ಕೋಣೆಯಲ್ಲಿದೆಯೇ? ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ಇದೆಲ್ಲ 37 ವಾರದೊಳಗೆ ಮುಗಿಯಲಿ. ಬ್ಯಾನಿ ಶುರುವಾದ ಮೇಲೆ ಎಪಿಡ್ಯೂರಲ್‌ಗೆಂದೇ ಜಮಖಂಡಿಯಿಂದ ಗಾಡಿ ಹತ್ತುವುದು ಬೇಡ, ದಾರಿಯಲ್ಲಿ ಹೆರಿಗೆಯಾದರೆ ಕಷ್ಟ.

36 ವಾರದ ಹೊತ್ತಿಗೆ ಅರಿವಳಿಕೆ ವೈದ್ಯರನ್ನು ಒಮ್ಮೆ ಕಾಣಿ, ತಾಯಿ ಕಾರ್ಡು ಒಯ್ಯಿರಿ. ಪ್ಲೇಟ್‌ಲೆಟ್ 70–80 ಸಾವಿರಕ್ಕಿಂತ ಕಡಿಮೆಯಿದ್ದರೆ, ರಕ್ತ ಹೆಪ್ಪುಗಟ್ಟದ ತೊಂದರೆಯಿದ್ದರೆ, ಬೆನ್ನಿನ ಆ ಜಾಗದಲ್ಲಿ ಸೋಂಕಿದ್ದರೆ ಹಾಕುವುದಿಲ್ಲ, ಒಳಗೆ ರಕ್ತ ಕಟ್ಟಿ ಇಲ್ಲವೇ ಕೀವಾಗಿ ನರ ಒತ್ತೀತು. ಬಿಪಿಗೆಂದು ಕೊಡುವ ಸಣ್ಣ ಡೋಸಿನ ಆಸ್ಪಿರಿನ್ ಅಡ್ಡಿಯಲ್ಲ. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚಿಕೊಳ್ಳುವ ಹೆಪಾರಿನ್ ಇದ್ದರೆ ಕೊನೆಯ ಡೋಸಿನಿಂದ 12 ತಾಸು, ದೊಡ್ಡ ಡೋಸಾದರೆ 24 ತಾಸು ಕಾಯಬೇಕು. ಬಸಿರಿನಲ್ಲಿ ಬಿಪಿ ಏರಿದವರಿಗೆ, ಹೃದಯದ ಕಾಯಿಲೆಯವರಿಗೆ, ಅವಳಿ ಇದ್ದವರಿಗೆ ಎಪಿಡ್ಯೂರಲ್ ಹೆಚ್ಚು ಉಪಯುಕ್ತ, ಅವರು ಬೇಗನೇ ಹಾಕಿಸಿಕೊಳ್ಳುವುದು ಒಳ್ಳೆಯದು. ಒಪ್ಪಿಗೆ ಪತ್ರಕ್ಕೆ ಸಹಿ ನಿಮ್ಮದೇ. ಮನೆಯವರೊಂದಿಗೆ ಮಾತಾಡಿ, ಆದರೆ ನೋವು ನಿಮ್ಮದು, ತೀರ್ಮಾನವೂ ನಿಮ್ಮದು. ನಳಿಕೆ ಹಾಕಿದ ಮೇಲೆ ನೀರು, ಎಳನೀರು, ಹಾಲಿಲ್ಲದ ಚಹಾ ಗುಟುಕರಿಸಬಹುದು. ‘ಶಕ್ತಿ ಬೇಕು’ ಎಂದು ಶಿರಾ, ಹಾಲು ಕೊಡಲು ಬಂದರೆ ಬೇಡವೆನ್ನಿ, ತುರ್ತು ಶಸ್ತ್ರಕ್ರಿಯೆಯಾದರೆ ತುಂಬಿದ ಹೊಟ್ಟೆ ಅಪಾಯ.

ಜಮಖಂಡಿಯಲ್ಲೇ ಹೆರಿಗೆ ಎಂದಾದರೂ ಬರಿಗೈಯಲ್ಲಿಲ್ಲ. ಜೊತೆಗೆ ಒಬ್ಬ ಹೆಣ್ಣುಮಗಳು ಬಿಡದೆ ಇರುವುದು, ನಡೆದಾಡುವುದು, ನಡಕ್ಕೆ ಬಿಸಿನೀರು, ಬ್ಯಾನಿ ಬಂದಾಗ ಮುಷ್ಟಿಯಿಂದ ತ್ರಿಕದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯುವುದು ನಿಜವಾಗಿ ಕೆಲಸ ಮಾಡುತ್ತವೆ. ಟ್ರಮಡಾಲ್ ಇಂಜೆಕ್ಷನ್ ಸ್ವಲ್ಪ ತಗ್ಗಿಸುತ್ತದೆ, ವಾಂತಿ ತರಿಸುತ್ತದೆ.

ಹೆರಿಗೆಯಾಗಿ ಮನೆಗೆ ಬಂದ ಮೇಲಿನ ಒಂದು ವಿಷಯವನ್ನು ಅವ್ವನಿಗೂ ಓದಿ ಹೇಳಿ. ಸುಮಾರು ನೂರರಲ್ಲಿ ಒಬ್ಬರಿಗೆ ಸೂಜಿ ತಪ್ಪಿ ಪೊರೆಗೆ ತೂತು ಬೀಳುತ್ತದೆ, ನೀರು ಸೋರಿ ಒಂದೆರಡು ದಿನದಲ್ಲಿ ತಲೆನೋವು ಶುರುವಾಗುತ್ತದೆ. ಎದ್ದು ಕೂತರೆ ಹಣೆ ಮತ್ತು ಕುತ್ತಿಗೆ ಸಿಡಿಯುತ್ತದೆ, ಮಲಗಿದರೆ ಹತ್ತು ನಿಮಿಷದಲ್ಲಿ ಇಳಿಯುತ್ತದೆ, ಅದೇ ಗುರುತು. ನಮ್ಮ ಕಡೆ ಇದನ್ನು ‘ಥಂಡಿ ಹತ್ತೇತಿ’ ಎಂದು ಕಿವಿಗೆ ಇನ್ನೊಂದು ಸುತ್ತು ಬಟ್ಟೆ ಕಟ್ಟಿ, ನೀರು ಕಡಿಮೆ ಕೊಟ್ಟು, ಹೊರಸಿನ ಕೆಳಗೆ ಕೆಂಡ ಹೆಚ್ಚಿಸುತ್ತಾರೆ. ನೀರು ಕಡಿಮೆಯಾದಷ್ಟೂ ಬಾಣಂತಿ ಸೋಲುತ್ತಾಳೆ. ಬೇಕಾಗುವಷ್ಟು ನೀರು, ಚಹಾ, ಪ್ಯಾರಾಸಿಟಮಾಲ್ ಕೊಡಿ, ಮತ್ತು ಹೆರಿಗೆಯಾದ ಆಸ್ಪತ್ರೆಯ ಅರಿವಳಿಕೆ ವಿಭಾಗಕ್ಕೆ ಅದೇ ದಿನ ಫೋನ್ ಮಾಡಿ. ಇಳಿಯದಿದ್ದರೆ ಬಾಣಂತಿಯ ತೋಳಿನಿಂದಲೇ 15–20 ಮಿ.ಲೀ. ರಕ್ತ ತೆಗೆದು ಬೆನ್ನಿನ ಅದೇ ಜಾಗಕ್ಕೆ ಬಿಡುತ್ತಾರೆ, ಅದು ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. ಅನೇಕರಿಗೆ ಎದ್ದು ಕೂತ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ತಲೆನೋವಿನ ಜೊತೆ ಜ್ವರ, ಕಣ್ಣು ಮಂಜು, ಫಿಟ್ಸು ಇದ್ದರೆ, ಮಲಗಿದರೂ ತಲೆನೋವು ಇಳಿಯದಿದ್ದರೆ ಅದು ಬೇರೆ ರೋಗ, ಫೋನ್ ಬಿಟ್ಟು 108 ಕರೆಯಿರಿ. ಪಂಪು ನಿಲ್ಲಿಸಿ ನಾಲ್ಕು ತಾಸಾದರೂ ಕಾಲು ಎತ್ತಲು ಬರದಿದ್ದರೆ ಆಸ್ಪತ್ರೆ ಬಿಡುವ ಮೊದಲೇ ವೈದ್ಯರನ್ನು ಕರೆಸಿ. ಕಾಲಿನ ಜೋಮು ಪೂರ್ತಿ ಹೋಗುವ ತನಕ ಬಿಸಿನೀರಿನ ಚೀಲವನ್ನೂ ಕೆಂಡವನ್ನೂ ಹತ್ತಿರ ಇಡಬೇಡಿ, ಸುಟ್ಟರೂ ತಿಳಿಯುವುದಿಲ್ಲ.

ಅಕ್ಕನ ನಡನೋವನ್ನು ಸೂಜಿಯ ಲೆಕ್ಕಕ್ಕೆ ಬರೆದು ಬಿಟ್ಟುಬಿಡಬೇಡಿ. ಎರಡು ವರ್ಷದ ನೋವಿಗೆ ಎಲುಬಿನ ವೈದ್ಯರು ನೋಡಬೇಕು. ನೋವು ಕಾಲಿಗೆ ಇಳಿಯುತ್ತದೆಯೇ, ರಾತ್ರಿ ಎಬ್ಬಿಸುತ್ತದೆಯೇ ಎಂದು ಕೇಳಿ, ವಿಟಮಿನ್ ಡಿ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಹೊಟ್ಟೆ ಮತ್ತು ಬೆನ್ನಿನ ಸ್ನಾಯು ಗಟ್ಟಿಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರಿಂದ ಕಲಿಸಿ.